ಕೀಳಬೇಡಿ, ಬಿಡಿಸಿ



ಮೊದಲಿಗೇ ಒಂದು ಅರಿಕೆ. ನಾನು ಮೋಟಾರು ಯಂತ್ರಗಳನ್ನು ಬಲ್ಲವನಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಂದ ಹುಡುಗರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತ ಬಂದವನು. ಗಾಡಿಯ ತಂತಿಗಳ ವಿಷಯವಾಗಿ ಬಾನುಲಿಯಲ್ಲಿ ಮಾತನಾಡಲು ಈ ಮೇಷ್ಟರಿಗೆ ಏನು ಅಧಿಕಾರವೆಂದು ನಿಮ್ಮಲ್ಲಿ ಕೆಲವರಿಗಾದರೂ ತೋರಬಹುದು. ನನಗಿರುವ ಅಧಿಕಾರ ಒಂದೇ: ಈ ಕೆಲಸವನ್ನು ಹೇಗೆ ಮಾಡಬಾರದು ಎಂಬುದನ್ನು ನಾನು ಮಾಡಿಯೇ ಕಲಿತಿದ್ದೇನೆ. ತಪ್ಪು ಮಾಡಿ ತಿದ್ದಿಕೊಂಡವನ ಮಾತು ಒಮ್ಮೊಮ್ಮೆ ತಪ್ಪೇ ಮಾಡದವನ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದುಂಟು.

ನಿಮ್ಮ ಮನೆಯಲ್ಲಿ ಸ್ಕೂಟರೋ ಮೋಟಾರ್‌ಸೈಕಲ್ಲೋ ಕಾರೋ ಒಂದಲ್ಲ ಒಂದು ಇದ್ದೀತು. ಅದರ ಮುಂದಿನ ದೀಪದ ಹಿಂಭಾಗದಲ್ಲಾಗಲಿ ಸೀಟಿನ ಕೆಳಗಾಗಲಿ ಇಣಿಕಿ ನೋಡಿದರೆ, ಬಣ್ಣಬಣ್ಣದ ತಂತಿಗಳ ಕಟ್ಟೊಂದು ಪ್ಲಾಸ್ಟಿಕ್ಕಿನ ಪುಟ್ಟ ಗೂಡಿನೊಳಕ್ಕೆ ಹೋಗಿ ಸೇರುವುದು ಕಾಣುತ್ತದೆ. ಅದಕ್ಕೆ ಜೋಡಿಯಾಗಿ ಇನ್ನೊಂದು ಗೂಡು. ಎರಡನ್ನೂ ಎದುರುಬದುರಾಗಿ ಹಿಡಿದು ಒತ್ತಿದರೆ ಟಕ್ಕೆಂದು ಕೂಡಿಕೊಳ್ಳುತ್ತವೆ. ಪುಸ್ತಕಗಳಲ್ಲಿ ಇದರ ಹೆಸರು ಕನೆಕ್ಟರ್. ನಮ್ಮೂರ ಮೆಕ್ಯಾನಿಕ್ಕುಗಳ ಬಾಯಲ್ಲಿ ಕಪ್ಲರು. ಗೂಡಿನೊಳಗೆ ಒಂದೊಂದು ತಂತಿಗೂ ಒಂದೊಂದು ಕೋಣೆ. ಕೋಣೆಯೊಳಗೆ, ತಂತಿಯ ತುದಿಗೆ ಅಮುಕಿ ಕಚ್ಚಿಸಿದ ಲೋಹದ ಚೂರು, ಅದೇ ಟರ್ಮಿನಲ್ಲು. ಒಂದು ಕಡೆಯದು ಚಪ್ಪಟೆ ಪಟ್ಟಿಯಂತೆಯೋ ಕಡ್ಡಿಯಂತೆಯೋ ಇದ್ದರೆ, ಎದುರು ಕಡೆಯದು ಅದನ್ನು ಬಿಗಿಹಿಡಿಯುವ ಒರೆಯಂತೆ ಇರುತ್ತದೆ. ವಿದ್ಯುತ್ತು ದಾಟುವುದು ಈ ಲೋಹವು ಆ ಲೋಹವನ್ನು ಬಿಗಿಯಾಗಿ ಮುಟ್ಟಿದ ಕಡೆಯಲ್ಲಿ ಮಾತ್ರ. ಪ್ಲಾಸ್ಟಿಕ್ಕಿನ ಗೂಡು ಬರಿಯ ಮನೆ. ಒಳಗಿನ ಟರ್ಮಿನಲ್ಲುಗಳೇ ವಾಸದವರು.

ಮನೆ ಕೆಟ್ಟರೆ ವಾಸದವರನ್ನು ಹೊರಕ್ಕೆ ತಂದು ಹೊಸ ಮನೆಗೆ ಸೇರಿಸಬೇಕು. ವಾಸದವನೊಬ್ಬ ಕೆಟ್ಟರೆ ಅವನೊಬ್ಬನನ್ನೇ ತೆಗೆದು ಬೇರೊಬ್ಬನನ್ನು ಕೂಡಿಸಬೇಕು. ಅದಕ್ಕಾಗಿ ಇಡೀ ತಂತಿಕಟ್ಟನ್ನು ಬದಲಾಯಿಸಬೇಕಾದ್ದಿಲ್ಲ, ತಂತಿಗಳನ್ನು ಕತ್ತರಿಸಿ ಹೊಸೆದು ಟೇಪು ಸುತ್ತಬೇಕಾದ್ದೂ ಇಲ್ಲ. ಆದರೆ ಈ ಹೊರಕ್ಕೆ ತರುವ ಕೆಲಸದಲ್ಲಿಯೇ ನಮ್ಮಂಥವರು ಎಡವುವುದು.

ನಾನು ಎಡವಿದ್ದು ಹೀಗೆ. ನಮ್ಮ ಮನೆಯ ಸ್ಕೂಟರು 2018ರಲ್ಲಿ ಕೊಂಡದ್ದು. ಕೆಲವು ವರ್ಷ ಕಳೆದ ಮೇಲೆ ಅದರ ಮುಂದಿನ ದೀಪ ಹಳ್ಳ ಬಂದಾಗಲೆಲ್ಲ ಮಿಣುಕತೊಡಗಿತು. ಬಿಚ್ಚಿ ನೋಡಿದೆ. ಬಲ್ಬಿನ ಬೆನ್ನಿಗೆ ಸೇರುವ ಮೂರು ತಂತಿಯ ಕಪ್ಲರು ಒಂದು ಮೂಲೆಯಲ್ಲಿ ಕಂದಿಹೋಗಿತ್ತು. ಅಂಗಡಿಯಿಂದ ಹೊಸ ಗೂಡು ತಂದೆ. ಹಳೆಯ ಗೂಡಿನಿಂದ ತಂತಿಗಳನ್ನು ಈಚೆಗೆ ತೆಗೆಯಬೇಕಲ್ಲ. ಇಕ್ಕಳದಿಂದ ಹಿಡಿದು ಎಳೆದೆ. ಮೊದಲನೆಯದು ಬರಲಿಲ್ಲ. ಮೊಣಕಾಲಿಗೆ ಒತ್ತಿಕೊಂಡು ಇನ್ನೂ ಜೋರಾಗಿ ಎಳೆದೆ, ಬಂತು. ಮಿಕ್ಕೆರಡೂ ಹಾಗೆಯೇ ಬಂದವು. ಮೂರನ್ನೂ ಹೊಸ ಗೂಡಿಗೆ ತುರುಕಿ ಕೀಲಿ ತಿರುಗಿಸಿದೆ. ದೀಪ ಜಗ್ಗನೆ ಹತ್ತಿತು. ಮೆಕ್ಯಾನಿಕ್ಕಿನ ಕೂಲಿ ಉಳಿಯಿತೆಂದು ಮನೆಯಲ್ಲಿ ಹೇಳಿಕೊಂಡದ್ದೂ ಆಯಿತು.

ಮೂರು ವಾರ ಕಳೆಯಿತು. ನನ್ನ ಮಗಳು ಪಕ್ಕದ ಹಳ್ಳಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಆ ಸ್ಕೂಟರಿನಲ್ಲೇ ಹೋಗಿಬರುತ್ತಾಳೆ. ದಾರಿಯಲ್ಲಿ ಒಂದು ಕೆರೆಯ ಏರಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಆಳವಾದ ಗದ್ದೆಬಯಲು. ಕಾರ್ತಿಕ ಮಾಸದ ಸಂಜೆ, ಬೇಗ ಕತ್ತಲಾಗುವ ಕಾಲ. ಏರಿಯ ನಡುಮಧ್ಯೆ ದೀಪ ಒಮ್ಮೆಗೇ ಆರಿಹೋಯಿತು. ಎದುರಿಗೆ ಒಂದು ಲಾರಿ. ಅವಳು ಹೇಗೋ ಗಾಡಿಯನ್ನು ಅಂಚಿಗೆ ನಿಲ್ಲಿಸಿದಳು, ಲಾರಿ ದಾಟಿಹೋಯಿತು. ಆಮೇಲೆ ಮೊಬೈಲಿನ ಬೆಳಕಿನಲ್ಲಿ ಗಾಡಿಯನ್ನು ತಳ್ಳಿಕೊಂಡು ಏರಿ ದಾಟಿ, ಮನೆ ಸೇರುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. "ಅಪ್ಪಾ, ದೀಪ ಏರಿಯ ಮೇಲೆಯೇ ಹೋಯಿತು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು. ಅವಳು ನನ್ನನ್ನು ನಾಲ್ಕು ಮಾತು ಬೈದಿದ್ದರೂ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಗ್ಗೆ ಸ್ಕೂಟರನ್ನು ತಳ್ಳಿಕೊಂಡು ಹೋದದ್ದು ನನ್ನ ಹಳೆಯ ಶಿಷ್ಯನೊಬ್ಬನ ಅಂಗಡಿಗೆ. ಗಾಡಿಗಳ ಎಲೆಕ್ಟ್ರಿಕ್ ಕೆಲಸದಲ್ಲಿ ಅವನು ನಮ್ಮ ಕಡೆಯಲ್ಲೆಲ್ಲ ಹೆಸರಾದವನು. ಕಪ್ಲರನ್ನು ಬಿಚ್ಚಿ, ಒಂದು ತಂತಿಯನ್ನು ಎರಡು ಬೆರಳಿನಿಂದ ಮೆಲ್ಲನೆ ಜಗ್ಗಿದ. ಟರ್ಮಿನಲ್ಲು ಯಾವ ತಡೆಯೂ ಇಲ್ಲದೆ ಹಿಂದಕ್ಕೆ ಜಾರಿ ಅವನ ಕೈಗೆ ಬಂತು.

"ಇದನ್ನು ಕಿತ್ತವರು ಯಾರು, ಮೇಷ್ಟ್ರೇ?"

"ನಾನೇ ಕಣಪ್ಪ."

ಅವನು ನಗಲಿಲ್ಲ. ಟರ್ಮಿನಲ್ಲನ್ನು ಅಂಗೈಯ ಮೇಲೆ ಇಟ್ಟು ತೋರಿಸಿದ. "ಇದರ ಬೆನ್ನ ಮೇಲೆ ಒಂದು ನಾಲಿಗೆ ಇರಬೇಕಿತ್ತು ಸಾರ್. ನೀವು ಎಳೆದಾಗ ಮುರಿದಿದೆ. ಗೂಡಿನೊಳಗೆ ಇದನ್ನು ಹಿಡಿದು ನಿಲ್ಲಿಸುವುದು ಆ ನಾಲಿಗೆ. ಅದು ಇಲ್ಲದೆ ಇಷ್ಟು ದಿನ ಸುಮ್ಮನೆ ನಿಂತಿತ್ತು. ಗಾಡಿ ಕುಲುಕಿ ಕುಲುಕಿ ಹಿಂದಕ್ಕೆ ಸರಿದಿದೆ." ಸ್ವಲ್ಪ ತಡೆದು ಮತ್ತೆ ಹೇಳಿದ: "ನೀವು ಕ್ಲಾಸಿನಲ್ಲಿ ಸಂಧಿ ಬಿಡಿಸಿರೋ ಅಂತಿದ್ದಿರಿ. 'ಮಳೆಗಾಲ' ಅನ್ನೋದನ್ನು ನಾನು 'ಮಳೆ, ಗಾಲ' ಅಂತ ಮುರಿದು ಬೆಂಚಿನ ಮೇಲೆ ನಿಂತಿದ್ದೆ. ಇದೂ ಅದೇ ಲೆಕ್ಕ ಸಾರ್."

ನನಗೆ ತಕ್ಷಣ ಅರ್ಥವಾಯಿತು. 'ಮಳೆ'ಯೂ 'ಕಾಲ'ವೂ ಸೇರಿದಾಗ ಕಕಾರ ಹೋಗಿ ಗಕಾರ ಬಂದಿದೆ. ಕೂಡುವಾಗ ಏನು ನಡೆಯಿತೆಂದು ತಿಳಿದವನು 'ಮಳೆ', 'ಕಾಲ' ಎಂಬ ಎರಡು ಪದಗಳನ್ನು ಇಡಿಯಾಗಿ ಹಿಂದಕ್ಕೆ ಪಡೆಯುತ್ತಾನೆ. ತಿಳಿಯದವನು ಕಂಡಲ್ಲಿ ಕತ್ತರಿಸಿ, 'ಗಾಲ' ಎಂಬ ಅರ್ಥವಿಲ್ಲದ ಚೂರನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಕಪ್ಲರಿನಲ್ಲಿ ನಾನು ಮಾಡಿದ್ದು ಅದನ್ನೇ. ಅಂದು ಅರ್ಧ ದಿನ ಅವನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಪಾಠ ಹೇಳಿಸಿಕೊಂಡೆ. ಆ ಪಾಠವನ್ನು ಈಗ ನಿಮಗೆ ಒಪ್ಪಿಸುತ್ತೇನೆ.

ಮೊಟ್ಟಮೊದಲು ಬ್ಯಾಟರಿಯ ಸಂಬಂಧವನ್ನು ಕಡಿಯಬೇಕು. ಕೀಲಿ ತೆಗೆದು, ಬ್ಯಾಟರಿಯ ಋಣ ತಂತಿಯನ್ನು, ಎಂದರೆ ಮೈನಸ್ ಗುರುತಿನದನ್ನು, ಮೊದಲು ಬಿಚ್ಚಬೇಕು. ಅದನ್ನೇ ಏಕೆ ಮೊದಲು ಎನ್ನುತ್ತೀರೋ? ಗಾಡಿಯ ಲೋಹದ ಮೈಯೆಲ್ಲ ಮೈನಸ್ಸಿಗೆ ಸೇರಿದ್ದು. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರು ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಕಾರಿನವರಿಗೆ ಇದರಿಂದ ಒಂದು ಸಣ್ಣ ನಷ್ಟವುಂಟು: ಗಡಿಯಾರವೂ ರೇಡಿಯೋ ನಿಲ್ದಾಣಗಳ ನೆನಪೂ ಅಳಿಸಿಹೋಗಬಹುದು. ಮತ್ತೆ ತುಂಬಿಕೊಂಡರಾಯಿತು.

ಇಲ್ಲಿಯೇ ಎರಡು ನಿಷೇಧಗಳನ್ನು ಹೇಳಿಬಿಡುತ್ತೇನೆ. ಕಾರಿನಲ್ಲಿ ಹಳದಿ ಬಣ್ಣದ ಕಪ್ಲರು ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದ್ದು. ಅದರೊಳಗೆ ಸಿಡಿಯುವ ವಸ್ತು ಉಂಟು. ಬ್ಯಾಟರಿಯಿಂದ ಓಡುವ ಕಾರುಗಳಲ್ಲಿಯೂ ಹೈಬ್ರಿಡ್ ಕಾರುಗಳಲ್ಲಿಯೂ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಇರುತ್ತದೆ. ಇವೆರಡೂ ನಮ್ಮ ನಿಮ್ಮ ಕೆಲಸವಲ್ಲ. ಕಲಿತವರಿಗೇ ಬಿಡತಕ್ಕದ್ದು.

ಎರಡನೆಯದು, ಬರೆದಿಟ್ಟುಕೊಳ್ಳುವುದು. ಯಾವ ಕೋಣೆಯಲ್ಲಿ ಯಾವ ಬಣ್ಣದ ತಂತಿ ಇತ್ತೆಂದು ಕಾಗದದ ಮೇಲೆ ಚಿತ್ರ ಬರೆಯಿರಿ. ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತೆಗೆಯಿರಿ. ಎಷ್ಟೋ ಗೂಡುಗಳ ಮೇಲೆ ಕೋಣೆಗಳ ಅಂಕಿಗಳು ಸಣ್ಣದಾಗಿ ಅಚ್ಚೊತ್ತಿರುತ್ತವೆ. ಗೂಡನ್ನು ಮುಂದಿನಿಂದ ನೋಡಿದರೆ ಎಡವಾದದ್ದು ಹಿಂದಿನಿಂದ ನೋಡಿದರೆ ಬಲವಾಗುತ್ತದೆ. ಯಾವ ಕಡೆಯಿಂದ ನೋಡಿ ಬರೆದಿರೆಂಬುದನ್ನೂ ಗುರುತು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ತಂತಿಯನ್ನು ತೆಗೆದು, ಅದನ್ನು ಹೊಸ ಗೂಡಿನ ಅದೇ ಕೋಣೆಗೆ ಸೇರಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕ್ಷೇಮ.

ಮೂರನೆಯದು, ನೋಡುವುದು. ಕಪ್ಲರಿನ ಜೋಡಿಗಳನ್ನು ಬೇರೆಮಾಡಿ, ಧೂಳು ಒರಸಿ, ಬಾಯಿಯೊಳಗೆ ಟಾರ್ಚು ಬಿಟ್ಟು, ಓದುವ ಭೂತಗನ್ನಡಿಯಿಂದ ಚೆನ್ನಾಗಿ ನೋಡಬೇಕು. ಇಕ್ಕಳ ಹಿಡಿಯುವ ಮುನ್ನ ಐದು ನಿಮಿಷ ಬರಿಗಣ್ಣಿನ ಕೆಲಸ. ನೋಡಬೇಕಾದ್ದು ಒಂದೇ: ಇದನ್ನು ಒಳಗೆ ಹಿಡಿದಿರುವುದು ಯಾವುದು?

ಹಿಡಿತ ಮುಖ್ಯವಾಗಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ ಟರ್ಮಿನಲ್ಲಿನ ಮೈಯಿಂದಲೇ ಸೀಳಿ ಎಬ್ಬಿಸಿದ ಲೋಹದ ನಾಲಿಗೆ ಇರುತ್ತದೆ. ಒಳಕ್ಕೆ ಹೋಗುವಾಗ ಮಣಿದು, ಹೋದ ಮೇಲೆ ಮೇಲೆದ್ದು, ಗೂಡಿನೊಳಗಿನ ಹೊಸ್ತಿಲೊಂದಕ್ಕೆ ತಗುಲಿಕೊಳ್ಳುತ್ತದೆ. ನನ್ನ ಸ್ಕೂಟರಿನದು ಈ ಬಗೆ. ಎರಡನೆಯ ಬಗೆಯಲ್ಲಿ ನಾಲಿಗೆ ಇರುವುದು ಗೂಡಿಗೆ. ಪ್ಲಾಸ್ಟಿಕ್ಕಿನ ಪುಟ್ಟ ಬೆರಳೊಂದು ಟರ್ಮಿನಲ್ಲಿನ ಮೈಮೇಲಿನ ತೂತಿಗೋ ಅಂಚಿಗೋ ಕಚ್ಚಿಕೊಂಡಿರುತ್ತದೆ. ಈಚಿನ ಕಾರುಗಳಲ್ಲಿ ಈ ಬಗೆ ಹೇರಳ. ಮೊದಲನೆಯದರಲ್ಲಿ ಲೋಹದ ನಾಲಿಗೆಯನ್ನು ಟರ್ಮಿನಲ್ಲಿನ ಮೈಗೆ ಒತ್ತಬೇಕು. ಎರಡನೆಯದರಲ್ಲಿ ಪ್ಲಾಸ್ಟಿಕ್ ಬೆರಳನ್ನು ಟರ್ಮಿನಲ್ಲಿನಿಂದ ಆಚೆಗೆ ಎತ್ತಬೇಕು. ಒಂದರ ಉಪಾಯವನ್ನು ಇನ್ನೊಂದಕ್ಕೆ ಮಾಡಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದಲೇ ನೋಡದೆ ಕೈಹಾಕಬಾರದು.

ಇವೆರಡರ ಮೇಲೆ ಎಷ್ಟೋ ಕಪ್ಲರುಗಳಿಗೆ ಮತ್ತೊಂದು ಬೀಗ ಉಂಟು. ಬಿಳಿಯೋ ಕೆಂಪೋ ಹಸಿರೋ, ಗೂಡಿನ ಬಣ್ಣಕ್ಕೆ ಹೊಂದದ ಒಂದು ಪಟ್ಟಿ ಅಥವಾ ಬಾಚಣಿಗೆಯಂಥ ತುಂಡು ಬಾಯಲ್ಲೋ ಪಕ್ಕದಲ್ಲೋ ಕಾಣುತ್ತದೆ. ಮನೆಬಾಗಿಲಿಗೆ ಚಿಲಕ ಹಾಕಿದ ಮೇಲೆ ಅಗುಳಿಯನ್ನೂ ಹಾಕಿದಂತೆ ಇದು. ಇದನ್ನು ಮೊದಲು ಸರಿಸಬೇಕು. ಹಲವು ಕಡೆ ಪೂರ್ತಿ ಕೀಳಬೇಕಾಗಿಲ್ಲ. ಒಂದು ಮೆಟ್ಟಲಿನಷ್ಟು ಹಿಂದೆಗೆದರೆ ಸಾಕು. ಅಗುಳಿ ತೆಗೆಯದೆ ಚಿಲಕದೊಡನೆ ಗುದ್ದಾಡಿ ಕಪ್ಲರು ಒಡೆದವರೇ ಹೆಚ್ಚೆಂದು ನನ್ನ ಶಿಷ್ಯ ಹೇಳಿದ.

ನಾಲ್ಕನೆಯದೇ ಈ ವಿದ್ಯೆಯ ಮರ್ಮ. ತಂತಿಯನ್ನು ಹೊರಕ್ಕೆ ತರಬೇಕಾದರೆ ಮೊದಲು ಒಳಕ್ಕೆ ಒತ್ತಬೇಕು. ಹೌದು, ಒಳಕ್ಕೆ. ನೀವು ಎಳೆಯುತ್ತಿರುವಷ್ಟು ಕಾಲವೂ ಆ ನಾಲಿಗೆ ಹೊಸ್ತಿಲಿಗೆ ಒತ್ತಿಕೊಂಡೇ ಇರುತ್ತದೆ, ಎಳೆದಷ್ಟೂ ಬಿಗಿ. ಬಾಗಿಲನ್ನು ಜಗ್ಗುತ್ತ ಚಿಲಕ ತೆಗೆಯಲು ಹೋದವರಿಗೆ ಇದು ಗೊತ್ತಿರುತ್ತದೆ. ಬಾಗಿಲನ್ನು ತುಸು ಒಳಕ್ಕೆ ನೂಕಿದರೆ ಚಿಲಕ ತಾನಾಗಿ ಸಡಿಲುತ್ತದೆ. ಹಾಗೆಯೇ, ತಂತಿಯನ್ನು ಹಿಂದಿನಿಂದ ಮೆಲ್ಲನೆ ಒಳಕ್ಕೆ ಒತ್ತಿ ಹಿಡಿಯಿರಿ. ನಾಲಿಗೆಯ ಮೇಲಿನ ಭಾರ ಇಳಿಯಿತು. ಈಗ ಮುಂದಿನ ಬಾಯಿಯಿಂದ, ಟರ್ಮಿನಲ್ಲಿಗೂ ಗೋಡೆಗೂ ನಡುವಣ ಸಂದಿನಲ್ಲಿ ತೆಳುವಾದ ಸಾಧನವನ್ನು ಬಿಟ್ಟು ನಾಲಿಗೆಯನ್ನು ಒತ್ತಿರಿ, ಅಥವಾ ಬೆರಳನ್ನು ಎತ್ತಿರಿ. ಒತ್ತಿ ಹಿಡಿದೇ, ತಂತಿಯನ್ನು ಹಿಂದಕ್ಕೆ ಮೆಲ್ಲನೆ ಜಗ್ಗಿರಿ. ಸರಿಯಾಗಿ ಸಿಕ್ಕಿದ್ದರೆ ಅದು ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಬಾರದಿದ್ದರೆ ಜೋರಾಗಿ ಎಳೆಯಬಾರದು. ಸಾಧನವನ್ನು ತೆಗೆದು, ಮತ್ತೆ ಒಳಕ್ಕೆ ಒತ್ತಿ, ಮತ್ತೆ ಮೊದಲಿನಿಂದ. ಹತ್ತು ಸಲವಾದರೂ ಸರಿ.

ಇದಕ್ಕೆ ಅಪವಾದವೂ ಉಂಟು. ಅಪವಾದವಿಲ್ಲದ ಸೂತ್ರ ಯಾವ ಶಾಸ್ತ್ರದಲ್ಲಿದೆ? ಕೆಲವು ಕಪ್ಲರುಗಳಲ್ಲಿ ಟರ್ಮಿನಲ್ಲು ಹಿಂದಕ್ಕಲ್ಲ, ಮುಂದಿನ ಬಾಯಿಯಿಂದಲೇ ಹೊರಬರತಕ್ಕದ್ದು. ಅಲ್ಲಿ ಒತ್ತುವ ಎಳೆಯುವ ದಿಕ್ಕೆಲ್ಲ ತಿರುಗುಮುರುಗು. ಟರ್ಮಿನಲ್ಲಿನ ಗಾತ್ರ ಹಿಂದಿನ ತೂತಿಗಿಂತ ದೊಡ್ಡದಾಗಿ ಕಂಡರೆ ಅದು ಈ ಜಾತಿಯದೆಂದು ತಿಳಿಯಬೇಕು.

ಸಾಧನದ ಮಾತು. ಇದಕ್ಕೆಂದೇ ಮಾಡಿದ ಕಡ್ಡಿಗಳ ಕಟ್ಟು ಮಾರಾಟಕ್ಕೆ ಸಿಗುತ್ತದೆ. ಪದೇಪದೇ ಮಾಡುವವರು ಅದನ್ನೇ ಕೊಳ್ಳುವುದು ಲೇಸು. ಒಂದೆರಡು ಸಲದ ಕೆಲಸಕ್ಕೆ ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರೋ, ತುದಿಯನ್ನು ಕಲ್ಲಿನ ಮೇಲೆ ತೆಳ್ಳಗೆ ಉಜ್ಜಿದ ಹಳೆಯ ಕೊಡೆಯ ಕಡ್ಡಿಯೋ ಆದೀತು. ತುದಿ ಚಪ್ಪಟೆಯಾಗಿರಬೇಕು, ಮೊನಚಾಗಿರಬಾರದು. ದುಂಡು ಕಡ್ಡಿಯ ಟರ್ಮಿನಲ್ಲುಗಳಿಗೆ ಇಬ್ಬದಿಯಲ್ಲಿಯೂ ನಾಲಿಗೆಗಳಿರುವುದುಂಟು. ಅಂಥದಕ್ಕೆ ಕಡ್ಡಿಯ ಸುತ್ತ ಸರಿಯಾಗಿ ಕೂರುವ ತೆಳುಗೋಡೆಯ ಕೊಳವೆ ಬೇಕು, ಎರಡು ನಾಲಿಗೆಗಳನ್ನೂ ಒಟ್ಟಿಗೆ ಅದುಮುವುದಕ್ಕೆ. ಕೆಟ್ಟುಹೋದ ಟ್ರಾನ್ಸಿಸ್ಟರ್ ರೇಡಿಯೋದ ಉದ್ದನೆಯ ಏರಿಯಲ್ಲಿದೆಯಲ್ಲ, ಒಂದರೊಳಗೊಂದು ಸೇರುವ ಅದರ ಕೊಳವೆಗಳಲ್ಲಿ ಯಾವುದಾದರೊಂದು ಅಳತೆಗೆ ಸಿಕ್ಕೀತು. ಬಾನುಲಿಯ ಶ್ರೋತೃಗಳ ಮನೆಯಲ್ಲಿ ಅಂಥದೊಂದು ಅಟ್ಟದ ಮೇಲೆ ಇಲ್ಲದಿರುವುದೇ ಅಪೂರ್ವ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಸಾಧನ ಹೋಗಬೇಕಾದ್ದು ನಾಲಿಗೆಯ ಸಂದಿಗೆ. ಎದುರು ಪಟ್ಟಿಯನ್ನು ಹಿಡಿಯುವ ಒರೆಯ ಬಾಯೊಳಕ್ಕಲ್ಲ. ಅಲ್ಲಿ ಸೂಜಿಯನ್ನೋ ಪಿನ್ನನ್ನೋ ತುರುಕಿದರೆ ಒರೆ ಅಗಲವಾಗಿ, ಆಮೇಲೆ ಪಟ್ಟಿಯನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಸಡಿಲವಾದರೆ ಏನಾಯಿತು, ಮುಟ್ಟಿದ್ದರೆ ಸಾಲದೇ ಎನ್ನಬಹುದು. ಲೆಕ್ಕ ನೋಡಿ. ನನ್ನ ಸ್ಕೂಟರಿನ ಬಲ್ಬು 35 ವಾಟಿನದು. 12 ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ 3 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಹಿಡಿತದಲ್ಲಿ ಒಂದು ಓಮಿನ ಮೂರನೆಯ ಒಂದು ಪಾಲು ತಡೆ ಹುಟ್ಟಿದರೂ, ದೀಪಕ್ಕೆ ಸೇರಬೇಕಾದ ವೋಲ್ಟೇಜಿನಲ್ಲಿ 1 ವೋಲ್ಟು ಅಲ್ಲಿಯೇ ಕಳೆದು, ಸುಮಾರು 3 ವಾಟಿನಷ್ಟು ಶಾಖ ಅಲ್ಲಿ ಹುಟ್ಟುತ್ತದೆ. ಮೂರು ವಾಟು ಏನು ಮಹಾ ಎನ್ನಬೇಡಿ. ಅದು ಹುಟ್ಟುವುದು ಹೆಸರುಕಾಳಿನಷ್ಟು ಜಾಗದಲ್ಲಿ, ಗಾಳಿಯಾಡದ ಗೂಡಿನೊಳಗೆ. ಕಾದಷ್ಟೂ ಒರೆಯ ಬಿಗಿ ಇಳಿಯುತ್ತದೆ. ಬಿಗಿ ಇಳಿದಷ್ಟೂ ಇನ್ನೂ ಕಾಯುತ್ತದೆ. ಕೊನೆಗೆ ಪ್ಲಾಸ್ಟಿಕ್ಕು ಕಂದುತ್ತದೆ, ಕರಗುತ್ತದೆ. ಇನ್ನೊಂದು ಸಂಗತಿ: 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಮುಂದಿನ ದೀಪ ಎಂಜಿನ್ನು ಓಡುವಷ್ಟು ಹೊತ್ತೂ ತಾನಾಗಿ ಉರಿಯುತ್ತಿರಬೇಕೆಂದು ನಿಯಮವಾಯಿತು. ಅಂದರೆ ಹಿಂದೆ ರಾತ್ರಿ ಮಾತ್ರ ದುಡಿಯುತ್ತಿದ್ದ ಆ ಕಪ್ಲರು ಈಗ ಹಗಲಿಡೀ ದುಡಿಯುತ್ತದೆ. ಅದರ ಬಿಗಿಯ ಕಡೆಗೆ ನಮ್ಮ ಗಮನ ಇಮ್ಮಡಿಯಾಗಬೇಕಲ್ಲವೇ?

ಹಳೆಯ ಗೂಡುಗಳ ಪ್ಲಾಸ್ಟಿಕ್ಕು ಕಾಲಾಂತರದಲ್ಲಿ ಗಡುಸಾಗಿ, ಚಳಿಯಲ್ಲಂತೂ ಹಪ್ಪಳದಂತೆ ಮುರಿಯುತ್ತದೆ. ಬೆಳಗಿನ ಚಳಿಯಲ್ಲಿ ಈ ಕೆಲಸಕ್ಕೆ ಕುಳಿತುಕೊಳ್ಳಬೇಡಿ. ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಅಥವಾ ಕೂದಲೊಣಗಿಸುವ ಯಂತ್ರದಿಂದ ಕಪ್ಲರನ್ನು ಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿಕೊಳ್ಳಿ. ಬೆಂಕಿ ತೋರಿಸುವುದು ಮಾತ್ರ ಕೂಡದು. ತಂತಿಯ ಹಿಂದೆ ರಬ್ಬರಿನ ಪುಟ್ಟ ಬಳೆ ಇದ್ದರೆ ಅದು ನೀರು ತಡೆಯುವುದಕ್ಕೆ. ಹರಿಯದಂತೆ ಮೆಲ್ಲಗೆ ತಂದು, ಅದನ್ನೇ ಮತ್ತೆ ಕೂಡಿಸಬೇಕು.

ಈಗ ಮರಳಿ ಕೂಡಿಸುವುದು. ಒತ್ತಿದ ಲೋಹದ ನಾಲಿಗೆ ಚಪ್ಪಟೆಯಾಗಿ ಮಲಗಿಬಿಟ್ಟಿರುತ್ತದೆ. ಚಾಕುವಿನ ತುದಿಯಿಂದ ಅದನ್ನು ಮೊದಲಿನಷ್ಟು ಮೇಲಕ್ಕೆ ಎಬ್ಬಿಸಿ. ಒಂದೇ ಸಲ ಎಬ್ಬಿಸಿ, ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಮುರಿಯುತ್ತದೆ. ಟರ್ಮಿನಲ್ಲನ್ನು ಸರಿಯಾದ ಮಗ್ಗುಲಲ್ಲಿ ಹಿಡಿದು ಕೋಣೆಯೊಳಕ್ಕೆ ನೂಕಿ. ಟಕ್ಕೆಂಬ ಶಬ್ದ ಕಿವಿಗೋ ಬೆರಳಿಗೋ ತಿಳಿಯಬೇಕು. ತಿಳಿದ ಮೇಲೆ, ನಾನು ಅಂದು ಮಾಡದೆ ಬಿಟ್ಟ ಕೆಲಸವನ್ನು ಮಾಡಿ: ತಂತಿಯನ್ನು ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆ ಮೆಲ್ಲನೆ ಜಗ್ಗಿ ನೋಡಿ. ಅಲುಗದೆ ನಿಂತರೆ ಕೂತಿದೆ. ಸರಿದು ಬಂದರೆ ಕೂತಿಲ್ಲ. ಎಲ್ಲವೂ ಕೂತ ಮೇಲೆ ಆ ಬಣ್ಣದ ಅಗುಳಿಯನ್ನು ಒತ್ತಿ. ಅದು ಸಲೀಸಾಗಿ ಹೋಗದಿದ್ದರೆ ಯಾವುದೋ ಒಂದು ಟರ್ಮಿನಲ್ಲು ಇನ್ನೂ ಪೂರ್ತಿ ಒಳಗೆ ಹೋಗಿಲ್ಲವೆಂದು ಅದು ನಿಮಗೆ ಹೇಳುತ್ತಿದೆ. ಅದನ್ನು ಗುದ್ದಿ ಬಾಯಿ ಮುಚ್ಚಿಸಬೇಡಿ. ಕೊನೆಗೆ ಬ್ಯಾಟರಿಯ ಪ್ಲಸ್ಸನ್ನೂ ಬಿಚ್ಚಿದ್ದರೆ ಅದನ್ನು ಮೊದಲು, ಮೈನಸ್ಸನ್ನು ಆಮೇಲೆ ಸೇರಿಸುವುದು.

ನಾಲಿಗೆ ಮುರಿದೇ ಹೋದರೆ? ಅಂಟು ಹಾಕಬೇಡಿ, ಬೆಂಕಿಕಡ್ಡಿ ಸಿಕ್ಕಿಸಬೇಡಿ. ಹೊಸ ಟರ್ಮಿನಲ್ಲು ಹಾಕಿಸಿ. ಅದನ್ನು ತಂತಿಗೆ ಕಚ್ಚಿಸಲು ತಕ್ಕ ಇಕ್ಕಳ ಬೇಕು: ಅದರ ಮುಂದಿನ ರೆಕ್ಕೆಗಳು ಬರಿಯ ತಾಮ್ರವನ್ನೂ ಹಿಂದಿನ ರೆಕ್ಕೆಗಳು ತಂತಿಯ ಹೊದಿಕೆಯನ್ನೂ ಹಿಡಿಯಬೇಕು. ಮನೆಯಲ್ಲಿ ಅಂಥ ಇಕ್ಕಳವಿಲ್ಲದಿದ್ದರೆ ಅದಕ್ಕೆ ಅಂಗಡಿಯೇ ಸರಿ. ನನಗೂ ನನ್ನ ಶಿಷ್ಯನೇ ಹಾಕಿಕೊಟ್ಟ. ಮಿಕ್ಕೆರಡು ತಂತಿಗಳನ್ನು ತಾನು ಮುಟ್ಟದೆ ನನ್ನ ಕೈಯಲ್ಲಿ ಕಡ್ಡಿ ಕೊಟ್ಟು, "ನೀವೇ ಬಿಡಿಸಿ ಸಾರ್" ಎಂದ. ಒಂದು ತಂತಿಗೆ ಕಾಲು ಗಂಟೆ ಹಿಡಿಯಿತು. ಆದರೆ ನಾಲಿಗೆ ಮುರಿಯಲಿಲ್ಲ. ಕೂಲಿ ಕೊಡಹೋದರೆ ಟರ್ಮಿನಲ್ಲಿನ ಬೆಲೆ ಮಾತ್ರ ತೆಗೆದುಕೊಂಡ.

ಅಂದಿನಿಂದ ಮಳೆಗಾಲದ ಮುಂಚೆ ಒಂದು ಸಲ, ಮಳೆಗಾಲ ಕಳೆದ ಮೇಲೆ ಒಂದು ಸಲ, ಆ ಕಪ್ಲರನ್ನು ಬಿಚ್ಚಿ, ಕಂದಿದೆಯೇ, ಹಸಿರು ಕಿಲುಬು ಹಿಡಿದಿದೆಯೇ ಎಂದು ನೋಡಿ, ಒಂದೊಂದು ತಂತಿಯನ್ನೂ ಎರಡು ಬೆರಳಿನಿಂದ ಜಗ್ಗಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿಯೂ ಯಾರಾದರೊಬ್ಬರು ಕತ್ತಲಾದ ಮೇಲೆ ಗಾಡಿಯಲ್ಲಿ ಮನೆಗೆ ಬರುವವರು ಇರುತ್ತಾರೆ. ಈ ಭಾನುವಾರ ಅವರ ಗಾಡಿಯ ದೀಪದ ಹಿಂದೆ ಒಮ್ಮೆ ಕೈಯಾಡಿಸಿ ನೋಡಿ. ಸಡಿಲವಾದದ್ದೇನಾದರೂ ಸಿಕ್ಕರೆ ಕೀಳಬೇಡಿ, ಬಿಡಿಸಿ.